ನಮ್ಮ ತಿರುವಿನ ಉಬ್ಬುಗನ್ನಡಿಗೆ, ದಯವಿಟ್ಟು ರಸ್ತೆಯನ್ನೇ ನೋಡಬೇಕೆಂದು ಕೋರಿ

ಗೆ,
ಶ್ರೀಮದ್ ಉಬ್ಬುಗನ್ನಡಿಯವರು,
ಹಳದಿ ಕಂಬದ ತುದಿ, ಅಡ್ಡರಸ್ತೆಯ ತಿರುವು,
ಚಂದ್ರಾ ಲೇಔಟ್, ಬೆಂಗಳೂರು.

ವಿಷಯ: ತಾವು ರಸ್ತೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತಿರುವ ಬಗ್ಗೆ.

ಮಾನ್ಯರೇ,

ನಮ್ಮ ಅಡ್ಡರಸ್ತೆಯ ಸಮಸ್ತ ನಿವಾಸಿಗಳ ಪರವಾಗಿ, ಮತ್ತು ತಮ್ಮ ಕಂಬದ ಬುಡವನ್ನೇ ಮನೆ ಮಾಡಿಕೊಂಡಿರುವ ಕಂದು ನಾಯಿಯ ಪರವಾಗಿಯೂ, ತಮಗೆ ಸವಿನಯ ನಮಸ್ಕಾರಗಳು. ಬಿಸಿಲು, ಧೂಳು, ನೀರಿನ ಟ್ಯಾಂಕರಿನ ಹೊಗೆ, ಮೇಲಿನ ತಂತಿಯಲ್ಲಿ ಕೂರುವ ಕಾಗೆಗಳ ಸೇವೆ, ಇವೆಲ್ಲವನ್ನೂ ಒಂದೇ ಮುಖದಿಂದ ಸ್ವೀಕರಿಸುತ್ತ ಹಗಲಿರುಳು ನಿಂತಿರುವ ತಮ್ಮನ್ನು ಕ್ಷೇಮವೇ ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ. ಆದ್ದರಿಂದ ಕ್ಷೇಮವೆಂದೇ ಭಾವಿಸಿಕೊಂಡು ವಿಷಯಕ್ಕೆ ಬರುತ್ತೇನೆ.

ನನ್ನನ್ನು ತಾವು ಬಲ್ಲಿರಿ. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ತಮ್ಮ ಕೆಳಗೆ ಹಾದುಹೋಗುವವಳು, ತಮ್ಮಲ್ಲಿ ಮೂಗು ದೊಡ್ಡದಾಗಿಯೂ ಕಾಲು ಸಣ್ಣದಾಗಿಯೂ ಕಾಣುವವಳು ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಪೀನ ದರ್ಪಣದಲ್ಲಿ ಮೂಡುವ ಪ್ರತಿಬಿಂಬ ನೇರವಾಗಿಯೂ ವಸ್ತುವಿಗಿಂತ ಚಿಕ್ಕದಾಗಿಯೂ ಇರುತ್ತದೆ, ಹೆಚ್ಚು ಜಾಗ ಕಾಣುವುದರಿಂದ ಅದನ್ನು ತಿರುವುಗಳಲ್ಲಿ ಬಳಸುತ್ತಾರೆ ಎಂದು ಎಷ್ಟೋ ತಂಡದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ತಿರುವಿನಲ್ಲಿ ಬಳಸಿದ ಮೇಲೆ ಅದಕ್ಕೆ ವಾಸ್ತುದೋಷವೂ ಅಂಟಿಕೊಳ್ಳುತ್ತದೆ ಎಂಬ ಭಾಗ ನಮ್ಮ ಪಠ್ಯದಲ್ಲಿ ಇರಲಿಲ್ಲ. ಇದ್ದಿದ್ದರೆ ಪರೀಕ್ಷೆಗೆ ಖಂಡಿತ ಕೇಳುತ್ತಿದ್ದೆ.

ತಮ್ಮನ್ನು ಇಲ್ಲಿಗೆ ಬರಮಾಡಿಕೊಂಡ ಕಾರಣವನ್ನು ತಾವು ಮರೆತಿರಬಹುದು ಎಂಬ ಅನುಮಾನದಿಂದ ನೆನಪಿಸುತ್ತಿದ್ದೇನೆ. ನಮ್ಮ ಅಡ್ಡರಸ್ತೆ ಮುಖ್ಯರಸ್ತೆಗೆ ಸೇರುವ ಬಾಯಿಯಲ್ಲಿ ಈ ಬದಿಗೆ ನಮ್ಮ ಮನೆ, ಆ ಬದಿಗೆ ದೊಡ್ಡಣ್ಣನವರ ಮನೆ. ದೊಡ್ಡಣ್ಣನವರ ಕಾಂಪೌಂಡು ಒಂದಾಳೆತ್ತರ, ಅದರ ಮೇಲೆ ಹಬ್ಬಿದ ಕಾಗದದ ಹೂವಿನ ಬಳ್ಳಿ ಇನ್ನೊಂದಾಳೆತ್ತರ. ಹೀಗಾಗಿ ಮುಖ್ಯರಸ್ತೆಯಿಂದ ಒಳಗೆ ತಿರುಗುವವರಿಗೆ, ಅಡ್ಡರಸ್ತೆಯಲ್ಲಿ ಯಾರಾದರೂ ನಡೆದು ಬರುತ್ತಿದ್ದಾರೆ ಎಂದು ತಿಳಿಯುವುದು ಅವರ ಕಾಲಿನ ಮೇಲೆ ಚಕ್ರ ಹತ್ತಿದಾಗಲೇ. ತಾವು ಎದುರುಬದಿಯ ಕಂಬದ ಮೇಲೆ ನಿಂತು, ಮೂಲೆಯ ಆಚೆಗಿರುವುದನ್ನು ಈಚೆಯವರಿಗೆ ತೋರಿಸಬೇಕು. ತಮ್ಮ ಕೆಲಸವೆಂದರೆ ಇಷ್ಟೇ.

ತಮಗಿಂತ ಮೊದಲು ಈ ಹುದ್ದೆಯಲ್ಲಿ ಒಂದು ಹಂಪ್ ಇತ್ತು. ಬಹಳ ಕಟ್ಟುನಿಟ್ಟಿನ ಹಂಪ್. ಅದನ್ನು ಹತ್ತಿ ಇಳಿದ ಆಟೋದಲ್ಲಿ ಕುಳಿತಿದ್ದವರಿಗೆ ಹಿಂದಿನ ದಿನ ತಿಂದದ್ದೆಲ್ಲ ನೆನಪಿಗೆ ಬರುತ್ತಿತ್ತು. ಆದರೆ ಬೈಕಿನವರು ಅದಕ್ಕೂ ಒಂದು ಉಪಾಯ ಕಂಡುಕೊಂಡು, ಹಂಪಿನ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಹತ್ತಿ ನಮ್ಮ ಮನೆಯ ರಂಗೋಲಿಯನ್ನು ಎರಡು ಭಾಗ ಮಾಡಿ ಹೋಗುತ್ತಿದ್ದರು. ಆಮೇಲೆ ರಸ್ತೆಗೆ ಹೊಸ ಡಾಂಬರು ಬಂತು, ಹಂಪ್ ಅದರ ಅಡಿಯಲ್ಲಿ ಸೇರಿಹೋಯಿತು, ಒಂದು ಬೀಳ್ಕೊಡುಗೆ ಸಮಾರಂಭವೂ ಇಲ್ಲದೆ. ಆಗ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಯೂ ನನ್ನ ಯಜಮಾನರೂ ಆದ ಗೋಪೀನಾಥರು ವಾರ್ಡ್ ಕಚೇರಿಗೆ ಓಡಾಡಿ ತಮ್ಮನ್ನು ಕರೆತಂದರು.

ತಾವು ಬಂದ ದಿನದ ವೈಭವ ನೆನಪಿರಬೇಕು. ಕಂಬಕ್ಕೆ ಬಾಳೆಕಂದು ಕಟ್ಟಿದೆವು, ಬೂದುಗುಂಬಳಕಾಯಿ ನಿವಾಳಿಸಿ ನಡುರಸ್ತೆಯಲ್ಲಿ ಒಡೆದೆವು, ಅದರ ಲೋಳೆಯ ಮೇಲೆ ಮೊದಲು ಜಾರಿದ್ದು ಕಾರ್ಯದರ್ಶಿಗಳ ಸ್ಕೂಟರೇ. ರಸ್ತೆ ಸುರಕ್ಷತೆಯ ಉದ್ಘಾಟನೆ ಅಷ್ಟು ಅರ್ಥಪೂರ್ಣವಾಗಿ ಬೇರೆಲ್ಲೂ ನಡೆದಿರಲಾರದು. ತಮ್ಮ ಮುಖದ ಸರಿಯಾಗಿ ಮಧ್ಯಕ್ಕೆ ಅರಿಶಿನ ಕುಂಕುಮ ಇಟ್ಟದ್ದರಿಂದ, ಮಳೆ ಬಂದು ತೊಳೆಯುವವರೆಗೆ ತಮ್ಮಲ್ಲಿ ಕಾಣುವ ಪ್ರತಿಯೊಂದು ವಾಹನವೂ ಮುತ್ತೈದೆಯಂತೆ ಕಾಣುತ್ತಿತ್ತು.

ತಮ್ಮ ಸೇವೆಯನ್ನು ಹೊಗಳದೆ ಮುಂದೆ ಹೋದರೆ ಕೃತಘ್ನಳಾಗುತ್ತೇನೆ. ಹಂಪ್ ಬೆನ್ನು ಮುರಿದರೂ ಆಗದ ಕೆಲಸವನ್ನು ತಾವು ಬರೀ ಮುಖ ತೋರಿಸಿ ಮಾಡಿದಿರಿ. ಗೋವಿಂದರಾಜನಗರದ ಕಡೆಯಿಂದ ಬಾಣದ ಹಾಗೆ ಬರುತ್ತಿದ್ದ ಹುಡುಗರು ತಮ್ಮೆದುರು ಬ್ರೇಕ್ ಹಾಕಿ, ಹೆಲ್ಮೆಟ್ ತೆಗೆದು, ಜೇಬಿನಿಂದ ಬಾಚಣಿಗೆ ತೆಗೆದು ಕ್ರಾಪು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಹೆಲ್ಮೆಟ್ಟನ್ನು ಮಾತ್ರ ಮತ್ತೆ ಹಾಕುತ್ತಿರಲಿಲ್ಲ, ಕ್ರಾಪು ಕೆಡುತ್ತದಲ್ಲ. ಆದರೂ ಆ ಕೆಲವು ವಾರ ನಮ್ಮ ತಿರುವಿನಲ್ಲಿ ಎಲ್ಲರೂ ಎಲ್ಲರನ್ನೂ ನೋಡಿಕೊಂಡು ಓಡಾಡಿದರು ಎಂಬುದಕ್ಕೆ ನಾನೇ ಸಾಕ್ಷಿ.

ಈ ಸೌಭಾಗ್ಯಕ್ಕೆ ಯಾರ ಕಣ್ಣು ಬಿತ್ತೋ, ದೊಡ್ಡಣ್ಣನವರ ಮನೆಗೆ ವಾಸ್ತು ಹೇಳುವ ಶಿವಯೋಗಿಯವರು ಬಂದರು. ಆ ಕಾಂಪೌಂಡನ್ನು ಅಷ್ಟೆತ್ತರಕ್ಕೆ ಏರಿಸಿದ್ದೂ ಅವರ ಸಲಹೆಯೇ. ಅವರು ಗೇಟಿನಲ್ಲಿ ನಿಂತು ತಮ್ಮನ್ನು ದಿಟ್ಟಿಸಿ, ಮನೆಯ ಸಿಂಹದ್ವಾರಕ್ಕೆ ನೇರವಾಗಿ ಕನ್ನಡಿ ಇದ್ದರೆ ಒಳಗೆ ಬರಲು ಹೊರಟ ಲಕ್ಷ್ಮಿ ತನ್ನ ಮುಖವನ್ನೇ ಕಂಡು ಹಿಂತಿರುಗಿ ಹೋಗುತ್ತಾಳೆ ಎಂದು ಅಪ್ಪಣೆ ಕೊಡಿಸಿದರು. ದೊಡ್ಡಣ್ಣನವರು ಈ ಬಡಾವಣೆ ಹುಟ್ಟುವ ಮೊದಲಿನಿಂದ ಇಲ್ಲಿರುವವರು, ಮಾತಿಗೆ ತಪ್ಪದವರು, ನಮ್ಮ ಮನೆಯ ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ ಕೇಳುವ ಮೊದಲೇ ಪೈಪು ಎಳೆದುಕೊಟ್ಟವರು. ಆದರೆ ಲಕ್ಷ್ಮಿಯ ವಿಷಯದಲ್ಲಿ ಯಾರು ತಾನೇ ಧೈರ್ಯ ಮಾಡುತ್ತಾರೆ. ಮರುದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ಒಂದು ಸ್ಟೂಲು, ಒಂದು ಸ್ಪ್ಯಾನರು ತರಿಸಿ, ತಮ್ಮ ಮುಖವನ್ನು ತುಸು ಬಲಕ್ಕೆ ತಿರುಗಿಸಿದರು. ತುಸುವೆಂದರೆ ಅವರ ಬಾಗಿಲು ಕಾಣದಷ್ಟು. ತೊಂದರೆಯೆಂದರೆ, ಯಾವ ಕೋನದಲ್ಲಿ ಅವರ ಬಾಗಿಲು ಕಾಣುತ್ತದೋ ಅದೇ ಕೋನದಲ್ಲಿ ಮಾತ್ರ ಮೂಲೆಯೂ ಕಾಣುತ್ತದೆ.

ಬಲಕ್ಕೆ ತಿರುಗಿದ ತಾವು ನಮ್ಮ ಪಕ್ಕದ ಹಾರ್ಡ್‌ವೇರ್ ಅಂಗಡಿಯ ಗಿರಿರಾಜ್ ಅವರ ಮಹಡಿ ಮನೆಯನ್ನು ನೋಡತೊಡಗಿದಿರಿ. ಅವರ ಮಗಳು ಮಾಲವಿಕಾಳಿಗೆ ಆಗ ಗಂಡು ನೋಡುತ್ತಿದ್ದರು. ಅದೇ ವಾರ ಮಾಗಡಿ ರಸ್ತೆಯ ಕಡೆಯ ಒಂದು ಸಂಬಂಧ, ಜಾತಕ ಕೂಡಿಬರಲಿಲ್ಲ ಎಂಬ ಫೋನಿನೊಂದಿಗೆ ತಪ್ಪಿಹೋಯಿತು. ಈ ಸಂಬಂಧ ಬೇಡವೆಂದು ಮಾಲವಿಕಾಳೇ ಆ ಹುಡುಗನಿಗೆ ಹೇಳಿ ಫೋನ್ ಮಾಡಿಸಿದ್ದು ಎಂಬುದು ಇಡೀ ಬೀದಿಯ ಹೆಂಗಸರಿಗೆ ಗೊತ್ತಿದ್ದರೂ, ಅಪರಾಧಿಯ ಸ್ಥಾನದಲ್ಲಿ ನಿಂತದ್ದು ತಾವು. ಗಿರಿರಾಜ್ ಅವರ ಅಂಗಡಿಯಲ್ಲಿ ಸ್ಪ್ಯಾನರಿಗೆ ಬರವಿಲ್ಲ. ಅವರು ಎಡಕ್ಕೆ ತಿರುಗಿಸಿ ದೊಡ್ಡಣ್ಣನವರನ್ನು ನೋಯಿಸಲಾರದೆ, ತಮ್ಮ ಮುಖವನ್ನು ಮೇಲಕ್ಕೆತ್ತಿ ಆಕಾಶಕ್ಕೆ ಒಪ್ಪಿಸಿದರು. ಆಕಾಶದಲ್ಲಿ ಯಾರದ್ದೂ ಬಾಗಿಲಿಲ್ಲ ಎಂಬ ಅವರ ತರ್ಕವನ್ನು ನಾನು ವಿಜ್ಞಾನದ ಶಿಕ್ಷಕಿಯಾಗಿಯೂ ಒಪ್ಪಬೇಕಾಯಿತು.

ತಮ್ಮನ್ನು ಕಿತ್ತುಹಾಕಿದರೆ ಆಗದೇ ಎಂದು ಹೊರಗಿನವರು ಕೇಳಬಹುದು. ಕೀಳುವಾಗ ಕೈಜಾರಿ ಒಡೆದರೆ ಎಂಬುದು ನಮ್ಮೆಲ್ಲರ ಭಯ. ಕನ್ನಡಿ ಎದುರಿಗಿದ್ದರೆ ದೋಷ, ಒಡೆದರೆ ಅಪಶಕುನ, ಹೀಗಿರುವಾಗ ಅದನ್ನು ತಿರುಗಿಸುತ್ತ ಕೂರುವುದೊಂದೇ ಮರ್ಯಾದಸ್ಥರ ದಾರಿ. ಕಾರ್ಯದರ್ಶಿಗಳು ಸಂಘದ ವಾಟ್ಸಾಪ್ ಗುಂಪಿನಲ್ಲಿ, ಸದಸ್ಯರು ಕನ್ನಡಿಯನ್ನು ಮುಟ್ಟಬಾರದೆಂದು ಪ್ರಕಟಣೆ ಹಾಕಿದರು. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು, ದೊಡ್ಡಣ್ಣನವರು ಮತ್ತು ಗಿರಿರಾಜ್ ಎಲ್ಲರಿಗಿಂತ ಮೊದಲು.

ಇನ್ನು ಹೇಳುವುದನ್ನು ನಗುತ್ತ ಹೇಳಲು ನನಗೆ ಅಷ್ಟಾಗಿ ಬರುವುದಿಲ್ಲ, ತಾವು ಕ್ಷಮಿಸಬೇಕು. ದೊಡ್ಡಣ್ಣನವರ ಹೆಂಡತಿ ಪಾಪಮ್ಮ ನನ್ನ ಗೆಳತಿ. ಸಂಜೆ ದೀಪ ಹಚ್ಚುವ ಮೊದಲು ಅವರು ತಮ್ಮ ಗೇಟು ತೆರೆದು, ಅಡ್ಡರಸ್ತೆ ದಾಟಿ, ನಮ್ಮ ಮನೆಯ ಜಗಲಿಗೆ ಬಂದು ಕೂರುವುದು ನಾವು ಈ ಮನೆ ಕಟ್ಟಿದಾಗಿನಿಂದ ನಡೆದುಬಂದ ವಾಡಿಕೆ. ಅವರೆಕಾಯಿ ಕಾಲದ ಒಂದು ಸಂಜೆ ಹಿದುಕಿದ ಬೇಳೆ ಸಾರಿನ ಡಬ್ಬಿ ಹಿಡಿದು ಬರುತ್ತಿದ್ದರು. ನಮ್ಮ ಬೀದಿಯ ಹುಡುಗನೇ ಆದ ಸಮರ್ಥ ಮುಖ್ಯರಸ್ತೆಯಿಂದ ಸ್ಕೂಟರ್ ತಿರುಗಿಸಿದ. ಸಾರು ರಸ್ತೆಯ ಪಾಲಾಯಿತು, ಪಾಪಮ್ಮನವರ ಎಡಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯ ಬಾಗಿಲಲ್ಲಿ ಆ ಹುಡುಗ ಬಿಳಿಚಿಕೊಂಡು ನಿಂತು ನನಗೆ ಹೇಳಿದ ಮಾತನ್ನು ತಾವು ಕೇಳಿಸಿಕೊಳ್ಳಲೇಬೇಕು. "ಆಂಟಿ, ನಾನು ಕನ್ನಡಿ ನೋಡ್ಕೊಂಡೇ ತಿರುಗಿಸ್ದೆ. ಅದ್ರಲ್ಲಿ ಬರೀ ಮೋಡ ಕಾಣ್ತಾ ಇತ್ತು."

ಅವನನ್ನು ಬೈಯಬೇಕೆಂದೇ ಹೋಗಿದ್ದೆ, ನೀರು ಕೊಟ್ಟು ಬೆಂಚಿನ ಮೇಲೆ ಕೂರಿಸಿದೆ. ತಮ್ಮನ್ನು ನಂಬಿ ಬಂದವನು ಆ ಸಂಜೆ ಅವನೊಬ್ಬನೇ.

ಪಾಪಮ್ಮನವರ ಮಗ ಮಂಜುನಾಥ್ ತಾಯಿಯ ಮೇಲೆ ಜೀವ ಇಟ್ಟುಕೊಂಡವನು. ಮನೆಗೆ ಕರೆತಂದ ದಿನವೇ ಗೇಟಿನ ಒಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, "ಅಮ್ಮ, ಇನ್ಮೇಲೆ ನೀನು ಗೇಟ್ ದಾಟ್ಬೇಡ. ಶುಭಾ ಮೇಡಂನೇ ಇಲ್ಲಿಗೆ ಬರ್ತಾರೆ, ಆಯ್ತಾ" ಎಂದು ತೀರ್ಪು ಕೊಟ್ಟ. ನಾನು ಹೋದೆ, ದಿನಾ ಹೋದೆ. ಸೊಸೆ ಲತಾ ಬಲು ಒಳ್ಳೆಯ ಹುಡುಗಿ, ಬಂದ ಕೂಡಲೇ ಕಾಫಿ ಕೊಟ್ಟು, ಗೌರವಕ್ಕೆ ಕಡಿಮೆಯಾಗದಿರಲೆಂದು ನಮ್ಮ ಪಕ್ಕದಲ್ಲೇ ಕೂರುತ್ತಿದ್ದಳು. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೊಸೆಯ ವಿಷಯ ಮಾತಾಡುವುದು ಹೇಗೆ ಎಂಬುದನ್ನು ತಾವೇ ಹೇಳಬೇಕು. ನಾವು ಹವಾಮಾನದ ಬಗ್ಗೆ, ತೆಂಗಿನಕಾಯಿಯ ಬಗ್ಗೆ ಮಾತಾಡಿದೆವು. ಒಂದು ದಿನ ಲತಾ ಒಳಗೆ ಫೋನಿಗೆ ಹೋದ ಸಂದಿಯಲ್ಲಿ ಪಾಪಮ್ಮ ನನ್ನ ಕೈ ಹಿಡಿದುಕೊಂಡು, "ಮೇಷ್ಟ್ರಮ್ಮ, ಇದೆಲ್ಲ ನಮ್ಮ ರಾಗಿ ಹೊಲ ಇತ್ತು ಕಣವ್ವ. ನಡುರಾತ್ರೀಲಿ ಬೇಕಾದ್ರೂ ಅಡ್ಡಾಡ್ತಿದ್ದೆ. ಈಗ ನಿಮ್ಮನೆ ಕಾಣ್ತದೆ, ಬರಕ್ಕಾಗಲ್ಲ" ಎಂದರು. ಅವರಿಗೆ ಕೈ ನೋವಾಗಿದ್ದು ಅಷ್ಟಿರಲಿಲ್ಲ. ಇಡೀ ದಿನ ಎಲ್ಲರಿಗೂ ಅಮ್ಮ, ಅತ್ತೆ, ಅಜ್ಜಿ ಆಗಿದ್ದು, ಸಂಜೆ ಒಂದು ಗಳಿಗೆ ಬರೀ ಪಾಪಮ್ಮ ಆಗಿರುತ್ತಿದ್ದ ಜಾಗ ತಪ್ಪಿಹೋಗಿತ್ತು. ನನಗೂ ಹಾಗೆಯೇ ಆಗಿತ್ತು, ಅದನ್ನು ಬರೆಯಲು ಸಂಕೋಚವೇನಿಲ್ಲ.

ಹೀಗಾಗಿ ಸಂಘದ ಸಭೆ ಸೇರಿತು, ದೊಡ್ಡಣ್ಣನವರ ವರಾಂಡದಲ್ಲೇ, ಶಿವಯೋಗಿಯವರ ಉಪಸ್ಥಿತಿಯಲ್ಲಿ. ತಮಗೆ ಒಂದು ಪರದೆ ಹೊಲಿಸಿ, ಆಫೀಸಿನ ಹೊತ್ತಿನಲ್ಲಿ ಮಾತ್ರ ಸರಿಸುವುದೆಂದು ಒಬ್ಬರು ಸೂಚಿಸಿದರು. ರಾಹುಕಾಲದಲ್ಲಿ ಪರದೆ ಮುಚ್ಚಿರಬೇಕೋ ತೆರೆದಿರಬೇಕೋ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. ದೊಡ್ಡಣ್ಣನವರ ಬಾಗಿಲ ಮೇಲೂ ಒಂದು ಕನ್ನಡಿ ಹಾಕಿ, ತಾವು ಕಳಿಸಿದ್ದನ್ನು ತಮಗೇ ವಾಪಸು ಮಾಡಬಹುದೆಂದು ಶಿವಯೋಗಿಯವರು ಪರಿಹಾರ ಸೂಚಿಸಿದರು. ರಾತ್ರಿ ಕಾರಿನ ಹೆಡ್‌ಲೈಟು ಬಿದ್ದರೆ ಇಬ್ಬರು ಕನ್ನಡಿಯವರೂ ಸೇರಿ ಚಾಲಕನ ಕಣ್ಣು ಕುರುಡು ಮಾಡುತ್ತೀರಿ ಎಂದು ನಾನು ಹಲಗೆ, ಸೀಮೆಸುಣ್ಣ ಇಲ್ಲದೆಯೇ ವಿವರಿಸಲು ಹೊರಟೆ. ಯಾರೂ ಕೇಳಲಿಲ್ಲ, ನನಗೆ ಅಭ್ಯಾಸವಿದೆ.

ಆಗ ಕುರ್ಚಿಯಲ್ಲಿ ಕುಳಿತು, ಕೈಯನ್ನು ಜೋಲಿಗೆ ಹಾಕಿಕೊಂಡಿದ್ದ ಪಾಪಮ್ಮ ಗಂಟಲು ಸರಿಮಾಡಿಕೊಂಡರು. ಗಂಡಸರ ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. "ಲಕ್ಷ್ಮಿ ಕನ್ನಡಿ ನೋಡಿ ವಾಪಸ್ ಹೋಗ್ತಾಳೆ ಅಂತೀರಲ್ಲ ಸ್ವಾಮಿ" ಎಂದು ಶಿವಯೋಗಿಯವರನ್ನು ಬಹಳ ವಿನಯದಿಂದ ಕೇಳಿದರು. "ಅವ್ಳು ನಮ್ಮನೆಗೆ ಬರಬೇಕಾದ್ರೂ ರಸ್ತೆ ದಾಟ್ಕೊಂಡೇ ಬರ್ಬೇಕಲ್ವಾ? ಅವ್ಳಿಗೂ ಗಾಡಿ ಗುದ್ದುದ್ರೆ ಏನ್ಮಾಡದು?"

ಶಿವಯೋಗಿಯವರು ಕಾಫಿ ಲೋಟವನ್ನು ಒಂದು ಸಲ ನೋಡಿದರು, ತಮ್ಮನ್ನು ಒಂದು ಸಲ ನೋಡಿದರು, ಶಾಸ್ತ್ರದಲ್ಲಿ ಅದನ್ನು ನೋಡಿ ಹೇಳಬೇಕಾಗುತ್ತದೆ ಎಂದರು. ದೊಡ್ಡಣ್ಣನವರು ಕಾಯಲಿಲ್ಲ. ಎದ್ದು ಪಂಚೆ ಮೇಲೆ ಕಟ್ಟಿ, ಸ್ಪ್ಯಾನರು ತೆಗೆದುಕೊಂಡು ಸ್ವತಃ ಸ್ಟೂಲು ಹತ್ತಿದರು. ಬಾಗಿಲು ಪೂರ್ತಿಯಾಗಿ ಕಾಣುವವರೆಗೆ, ಅಂದರೆ ಮೂಲೆ ಪೂರ್ತಿಯಾಗಿ ಕಾಣುವವರೆಗೆ, ತಮ್ಮನ್ನು ಆಕಾಶದಿಂದ ಕೆಳಕ್ಕೆ ಬಾಗಿಸಿ, ಎಡಕ್ಕೆ ತಿರುಗಿಸಿ ಬೋಲ್ಟು ಬಿಗಿಮಾಡಿದರು. ಗಿರಿರಾಜ್ ಸ್ಟೂಲು ಹಿಡಿದುಕೊಂಡರು. ಮಂಜುನಾಥ್ ಮಾತ್ರ ಒಂದು ಷರತ್ತು ಹಾಕಿದ. ಕನ್ನಡಿ ಹೀಗೇ ಇರುವವರೆಗೆ ಅಮ್ಮ ಸಂಜೆ ದಾಟಬಹುದು, ಮತ್ತೆ ಒಂದು ಸಲ ತಿರುಗಿದ್ದು ಕಂಡರೆ ಗೇಟಿಗೆ ಬೀಗ. ತಾಯಿಯ ಕೈ ಮುರಿದದ್ದನ್ನು ಕಂಡ ಮಗ, ಅವನದ್ದು ತಪ್ಪೆಂದು ಹೇಳಲಾರೆ.

ಮಾನ್ಯರೇ, ಅಲ್ಲಿಂದ ನಿನ್ನೆಯವರೆಗೆ ಸುಖವಾಗಿತ್ತು. ಪಾಪಮ್ಮ ಬರುತ್ತಿದ್ದರು, ಲತಾಳ ವಿಷಯದಲ್ಲಿ ಬಾಕಿ ಉಳಿದಿದ್ದ ಮಾತೆಲ್ಲ ತೀರಿ, ಹೊಸದು ಶುರುವಾಗಿತ್ತು. ಇಂದು ಬೆಳಿಗ್ಗೆ ಹಾಲು ತರಲು ಬಂದು ನೋಡಿದರೆ ತಾವು ಮತ್ತೆ ಎರಡು ಬೆರಳಿನಷ್ಟು ಮೇಲಕ್ಕೆ ಮುಖ ಎತ್ತಿದ್ದೀರಿ. ತಮ್ಮಲ್ಲಿ ನನ್ನ ಮೂಗು ಕಾಣಲಿಲ್ಲ, ಒಂದು ಹದ್ದು ಕಂಡಿತು. ಯಾರ ಕೆಲಸವೆಂದು ನಾನು ಊಹೆಯ ಮೇಲೆ ಹೇಳಲಾರೆ. ದೊಡ್ಡಣ್ಣನವರು ಆಣೆ ಮಾಡಿದ್ದಾರೆ, ಗಿರಿರಾಜ್ ಅಂಗಡಿಯ ಲಕ್ಷ್ಮೀಪಟ ಮುಟ್ಟಿ ಹೇಳಿದ್ದಾರೆ. ನಮ್ಮ ಮನೆಯಲ್ಲೂ ಕಾರ್ಯದರ್ಶಿಗಳನ್ನು ವಿಚಾರಣೆ ಮಾಡಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ಸ್ಪ್ಯಾನರು ಹಿಡಿದು ಬಂದವರ ಮುಖವನ್ನು ಅಷ್ಟು ಹತ್ತಿರದಿಂದ ಕಂಡವರು ತಾವೊಬ್ಬರೇ, ಹಾಗಾಗಿ ಅದನ್ನು ಒಂದು ವಾರ ತಮ್ಮಲ್ಲೇ ಅಳಿಸದೆ ಇಟ್ಟುಕೊಂಡು ದಾರಿಹೋಕರಿಗೆಲ್ಲ ತೋರಿಸಬೇಕು. ಮನೆಗಳ ಬಾಗಿಲು ಬಂದಾಗ ಸಭ್ಯರಂತೆ ಕಣ್ಣು ಮುಚ್ಚಿ, ಸ್ಕೂಟರು ಬಂದಾಗ ತೆರೆಯುವ ವಿದ್ಯೆಯನ್ನು ತಾವು ಬೇಗ ಕಲಿಯಬೇಕು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಓಡಿಸುವವರಿಗೆ, ಅವರು ಈಗ ಹೇಗಿದ್ದಾರೆ ಎಂಬುದರ ಬದಲು ಆಸ್ಪತ್ರೆಯ ಹಾಸಿಗೆಯಲ್ಲಿ ಹೇಗೆ ಕಾಣುತ್ತಾರೆ ಎಂಬುದನ್ನು ತೋರಿಸಲು ಸಾಧ್ಯವೇ ಎಂದು ಪರಿಶೀಲಿಸಬೇಕು. ಲಕ್ಷ್ಮಿಯು ನಮ್ಮ ಬೀದಿಗೆ ಬಂದರೆ ಮೊದಲು ಎಡಕ್ಕೂ ಆಮೇಲೆ ಬಲಕ್ಕೂ ನೋಡಿ ದಾಟುವಂತೆ ತಾವೇ ಒಂದು ಮಾತು ಹೇಳಬೇಕು. ಇವೆಲ್ಲ ತಮ್ಮ ಶಕ್ತಿಗೆ ಮೀರಿದ್ದಾದರೆ, ಒಂದನ್ನಾದರೂ ನಡೆಸಿಕೊಡಿ. ಮಂಜುನಾಥ್ ಸಂಜೆ ಆಫೀಸಿನಿಂದ ಬಂದು ತಮ್ಮನ್ನು ನೋಡುವಷ್ಟರಲ್ಲಿ ನಾನೇ ಸ್ಟೂಲು ಹತ್ತಿ ತಮ್ಮನ್ನು ಮೊದಲಿನ ಜಾಗಕ್ಕೆ ತರುತ್ತೇನೆ. ಆಗ ಬೋಲ್ಟು ಬಿಗಿಯುವಾಗ ದಯವಿಟ್ಟು ಅಲುಗಾಡಬೇಡಿ, ನನಗೆ ಎತ್ತರವೆಂದರೆ ಭಯ.

ತಮ್ಮ ಮುಖದಲ್ಲಿ ಸದಾ ದೊಡ್ಡ ಮೂಗಿನವಳಾಗಿಯೇ ಕಾಣಲು ಸಿದ್ಧಳಿರುವ,
ತಮ್ಮ ವಿಶ್ವಾಸಿ,
ಶುಭಾ ಗೋಪೀನಾಥ,
ನಿವೃತ್ತ ವಿಜ್ಞಾನ ಶಿಕ್ಷಕಿ

ಮರೆತ ಮಾತು: ತಾವು ಓದುಬರಹ ಬಲ್ಲಿರೋ ಇಲ್ಲವೋ ತಿಳಿಯದ್ದರಿಂದ, ಈ ಪತ್ರದ ಒಂದು ಪ್ರತಿಯನ್ನು ತಮ್ಮ ಕಂಬಕ್ಕೇ ಅಂಟಿಸಿದ್ದೇನೆ. ತಾವು ಓದಿದ ಲಕ್ಷಣವಿಲ್ಲ. ಆದರೆ ದಾರಿಯಲ್ಲಿ ಹೋಗುವವರೆಲ್ಲ ಓದುತ್ತಿದ್ದಾರೆ, ಅದೂ ಎಂಜಿನ್ ಆರಿಸದೆ, ಸರಿಯಾಗಿ ತಿರುವಿನ ಬಾಯಿಯಲ್ಲೇ ಅಡ್ಡ ನಿಂತು. ಆದ್ದರಿಂದ ಆ ಪ್ರತಿಯ ಕೆಳಗೇ ಈ ಮಾತನ್ನೂ ಬರೆದು ಸೇರಿಸುತ್ತಿದ್ದೇನೆ. ಇಲ್ಲಿಯವರೆಗೆ ಓದಿದ ಸಾರ್, ಮೇಡಂ, ಅಣ್ಣ, ಯಾರೇ ಆಗಿರಲಿ, ನಿಮ್ಮ ಗಾಡಿಯನ್ನು ಸ್ವಲ್ಪ ಪಕ್ಕಕ್ಕೆ ತೆಗೆಯಿರಿ. ನಿಮ್ಮ ಬೆನ್ನ ಹಿಂದೆ ಗೇಟು ಹಿಡಿದುಕೊಂಡು ಆಗಿನಿಂದ ನಿಂತಿರುವವರು ಪಾಪಮ್ಮ, ಅವರು ಈ ಕಡೆ ದಾಟಬೇಕು.